ಒಂದೇ ಕೈಯಲ್ಲಿ ಶಾಟ್ ಹೊಡೆಯೋದನ್ನು ಶುರು ಮಾಡಿದ್ದು ನಿಜಕ್ಕೂ ಹ್ಯಾಂಕ್ ಲುಯಿಸೆಟ್ಟಿನಾ?

ಬೆಂಚ್‌ಬಿಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೊನ್ನೆ ಸುಮ್ನೆ ಕೂತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನ ಮೊದಲ ಪಟ್ಟಿ ನೋಡುತ್ತಿದ್ದೆ, 1959ರದ್ದು. ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಇದ್ದಾರೆ, ಸರಿ. ಜಾರ್ಜ್ ಮೈಕನ್ ಇದ್ದಾನೆ, ಅದೂ ಸರಿ. ಅದೇ ಪಟ್ಟಿಯಲ್ಲಿ ಹ್ಯಾಂಕ್ ಲುಯಿಸೆಟ್ಟಿ ಅಂತ ಒಂದು ಹೆಸರು. ನಾನು ಇಷ್ಟು ವರ್ಷ ಆಟ ನೋಡಿದ್ದೇನೆ, ಈ ಹೆಸರು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಹುಡುಕಿದರೆ ಇನ್ನೂ ಆಶ್ಚರ್ಯ. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅರ್ಧ ಶತಮಾನದ ಅತ್ಯುತ್ತಮ ಆಟಗಾರ ಯಾರು ಅಂತ ಮತ ಕೇಳಿದಾಗ ಮೈಕನ್ ಮೊದಲು, ಇವನು ಎರಡನೆಯವನು. ಆದರೆ ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ, ಅಂದರೆ ಪ್ರೊ ಲೀಗ್‌ನಲ್ಲಿ) ಒಂದೇ ಒಂದು ಪಂದ್ಯ ಆಡಿಲ್ಲ!

ಕೆಲವು ಕಡೆ ಜಂಪ್ ಶಾಟ್ (ಮೇಲಕ್ಕೆ ಹಾರಿ ಹೊಡೆಯುವ ಶಾಟ್) ಕಂಡುಹಿಡಿದವನೇ ಇವನು ಅಂತ ಬರೆದಿದ್ದಾರೆ, ಇನ್ನು ಕೆಲವು ಕಡೆ ಅಲ್ಲ ಅಂತಾರೆ. ಯಾವುದು ನಿಜ? ಅಷ್ಟು ದೊಡ್ಡ ಆಟಗಾರನಾಗಿದ್ದರೆ ಪ್ರೊ ಯಾಕೆ ಆಡಲಿಲ್ಲ? ತಿಳಿದವರು ಹೇಳಿ, ಉದ್ದ ಬರೆದರೂ ಓದುತ್ತೇನೆ.


ಹಳೇಚೆಂಡು:

ಉದ್ದ ಬರೆದರೂ ಓದುತ್ತೇನೆ ಅಂದಿರಲ್ಲ, ಈಗ ಅನುಭವಿಸಿ 🙂

ಮೊದಲು ಆ ಕಾಲದ ಶಾಟ್ ಹೇಗಿತ್ತು ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಇವನು ಮಾಡಿದ್ದು ಏನು ದೊಡ್ಡದು ಅಂತಲೇ ಅನಿಸುತ್ತದೆ. 1930ರ ದಶಕದಲ್ಲಿ ದೂರದಿಂದ ಹೊಡೆಯುವುದು ಅಂದರೆ ಎರಡು ಕೈಯ ಸೆಟ್ ಶಾಟ್. ಎರಡೂ ಪಾದ ನೆಲಕ್ಕೆ ಊರಿ ನಿಲ್ಲಬೇಕು. ಚೆಂಡಿನ ಎರಡೂ ಪಕ್ಕಕ್ಕೆ ಒಂದೊಂದು ಕೈ. ಎದೆಯ ಹತ್ತಿರ ತಂದು, ಮಂಡಿ ಸ್ವಲ್ಪ ಬಗ್ಗಿಸಿ, ಎರಡೂ ಕೈಯಿಂದ ಮೇಲಕ್ಕೆ ತಳ್ಳಬೇಕು. ನೀವೇ ಒಂದು ಸಲ ಹೊಡೆದು ನೋಡಿ. ನೇರ ಹೋಗುತ್ತದೆ, ಅದೇನೂ ಕೆಟ್ಟ ಶಾಟ್ ಅಲ್ಲ. ಆದರೆ ಎದುರಿಗೆ ಒಬ್ಬ ಕೈ ಎತ್ತಿ ನಿಂತರೆ ಮುಗೀತು. ಚೆಂಡು ಎದೆಯ ಮಟ್ಟದಲ್ಲಿ ಇರುತ್ತದೆ, ಹೊಡೆಯುವವನು ನಿಂತಲ್ಲೇ ನಿಂತಿರುತ್ತಾನೆ, ತಡೆಯುವವನಿಗೆ ಬೇಕಾದಷ್ಟು ಸಮಯ. ಅದಕ್ಕೇ ಇಡೀ ಆಟ ಆ ಒಂದು ಖಾಲಿ ಜಾಗಕ್ಕೋಸ್ಕರ ಪಾಸ್ ಮಾಡುತ್ತಾ, ಪಾಸ್ ಮಾಡುತ್ತಾ, ಇನ್ನೂ ಪಾಸ್ ಮಾಡುತ್ತಾ ಸಾಗುತ್ತಿತ್ತು.

ಅದರ ಮೇಲೆ ಇನ್ನೊಂದು ನಿಯಮ. ಪ್ರತಿ ಬುಟ್ಟಿ ಬಿದ್ದ ಮೇಲೂ ಚೆಂಡನ್ನು ಮತ್ತೆ ಅಂಗಳದ ನಡುವೆ ತಂದು ಜಂಪ್ ಬಾಲ್ ಮಾಡಬೇಕಿತ್ತು, ಅಂದರೆ ಎರಡೂ ತಂಡದ ಒಬ್ಬೊಬ್ಬರ ನಡುವೆ ರೆಫರಿ ಚೆಂಡು ಮೇಲಕ್ಕೆ ಎಸೆಯಬೇಕಿತ್ತು. ಪ್ರತಿ ಸಲವೂ! ಹಾಗಾಗಿ ಅಂಕ ಕಡಿಮೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾಯಿತಲ್ಲ, ಅದರ ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು ಸೋಲಿಸಿದ್ದು 19-8ರಿಂದ. ಅದು ಬಯಲಿನಲ್ಲಿ, ಮಳೆಯಲ್ಲಿ, ಕೆಸರಲ್ಲಿ ಆಡಿದ ಪಂದ್ಯ, ಅದನ್ನೇ ಅಳತೆಗೋಲು ಮಾಡುವುದು ಅನ್ಯಾಯ ಬಿಡಿ. ಆದರೂ ಒಳಾಂಗಣದಲ್ಲಿ ಇಡೀ ತಂಡ ಸೇರಿ 35 ಅಂಕ ಮಾಡಿದರೆ ಒಳ್ಳೇ ಆಟ ಅಂತಲೇ ಲೆಕ್ಕ.

ಈಗ ನಮ್ಮ ಹುಡುಗನಿಗೆ ಬರೋಣ. ಹುಟ್ಟಿದ್ದು 1916ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇಟಲಿಯಿಂದ ವಲಸೆ ಬಂದವರ ಮಗ, ನಿಜವಾದ ಹೆಸರು ಆಂಜೆಲೊ. ಚಿಕ್ಕವನಿದ್ದಾಗ ಕಾಲು ಸೊಟ್ಟ ಅಂತ ಬ್ರೇಸ್ ಹಾಕಿದ್ದರಂತೆ. ಮನೆ ಹತ್ತಿರದ ಮೈದಾನದಲ್ಲಿ ದೊಡ್ಡ ಹುಡುಗರ ಜೊತೆ ಆಡುವಾಗ ಎರಡು ಕೈಯಲ್ಲಿ ತಳ್ಳಿದರೆ ಚೆಂಡು ಬುಟ್ಟಿ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಒಂದೆರಡು ಡ್ರಿಬಲ್ ಹಾಕಿ ಓಡಿ ಬಂದು, ಆ ಓಟದ ರಭಸದಲ್ಲೇ ಸ್ವಲ್ಪ ಮೇಲೆ ಎದ್ದು ಒಂದೇ ಕೈಯಿಂದ ಎಸೆಯುತ್ತಿದ್ದ. ಅವನು ಮುಂದೆ ತಾನೇ ಹೇಳಿಕೊಂಡ ಕಾರಣ ಇಷ್ಟೇ: ಬೇರೆ ದಾರಿ ಇರಲಿಲ್ಲ. ಯಾವ ಕೋಚ್ ಕಲಿಸಿದ್ದೂ ಅಲ್ಲ, ಯಾರನ್ನೋ ನೋಡಿ ಮಾಡಿದ್ದೂ ಅಲ್ಲ.

ಗೆಲಿಲಿಯೋ ಹೈಸ್ಕೂಲ್, ಆಮೇಲೆ ಸ್ಟ್ಯಾನ್‌ಫರ್ಡ್. ಅಲ್ಲಿನ ಕೋಚ್ ಜಾನ್ ಬನ್. ಈ ಮನುಷ್ಯನಿಗೆ ಒಂದು ಸಲಾಂ ಹೊಡೆಯಬೇಕು, ಯಾಕೆಂದರೆ ಅವನು ಕನ್ಸಾಸ್‌ನಿಂದ ಬಂದವನು, ಹಳೇ ಪದ್ಧತಿಯಲ್ಲಿ ಬೆಳೆದವನು. ಹುಡುಗ ಒಂದು ಕೈಯಲ್ಲಿ ಹೊಡೆಯುವುದನ್ನು ನೋಡಿ ತಿದ್ದಬಹುದಿತ್ತು, ತಿದ್ದಲಿಲ್ಲ. ಹೊಡೆದದ್ದು ಬೀಳುತ್ತಿದೆ, ಹಾಗೇ ಇರಲಿ ಅಂತ ಬಿಟ್ಟ. ಕೋಚ್ ಆದವನು ಸುಮ್ಮನಿರುವುದು ಎಷ್ಟು ಕಷ್ಟ ಅಂತ ಕೋಚಿಂಗ್ ಮಾಡಿದವರಿಗೆ ಗೊತ್ತು.

ಇನ್ನು ಆ ರಾತ್ರಿ. 1936ರ ಡಿಸೆಂಬರ್ 30, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನೆಡ್ ಐರಿಷ್ ಎಂಬಾತ 1934ರಿಂದ ಅಲ್ಲಿ ಕಾಲೇಜು ಪಂದ್ಯಗಳನ್ನು ಒಂದೇ ಟಿಕೆಟ್‌ಗೆ ಎರಡರಂತೆ ನಡೆಸುತ್ತಿದ್ದ, ಜನ ಮುಗಿಬೀಳುತ್ತಿದ್ದರು. ಎದುರಾಳಿ ಲಾಂಗ್ ಐಲ್ಯಾಂಡ್ ಯೂನಿವರ್ಸಿಟಿ, ಕೋಚ್ ಕ್ಲೇರ್ ಬೀ, ಸತತ 43 ಪಂದ್ಯ ಗೆದ್ದಿದ್ದ ತಂಡ. ಪಶ್ಚಿಮ ಕರಾವಳಿಯಿಂದ ರೈಲಿನಲ್ಲಿ ದೇಶದ ಈ ತುದಿಯಿಂದ ಆ ತುದಿಗೆ ಬಂದ ಹುಡುಗರನ್ನು ನ್ಯೂಯಾರ್ಕ್‌ನವರು ಯಾರು ಲೆಕ್ಕಕ್ಕೆ ಇಡುತ್ತಾರೆ? 17 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು.

ಲಾಂಗ್ ಐಲ್ಯಾಂಡ್‌ನ ಸೆಂಟರ್ ಆರ್ಟ್ ಹಿಲ್‌ಹೌಸ್, ಆ ಕಾಲಕ್ಕೆ ದೈತ್ಯ. ಲುಯಿಸೆಟ್ಟಿ 6 ಅಡಿ 2 ಇಂಚು. ಅವನು ಓಡಿ ಬಂದು ಹಿಲ್‌ಹೌಸ್‌ನ ತಲೆ ಮೇಲಿಂದಲೇ ಒಂದು ಕೈಯಲ್ಲಿ ಎಸೆದ, ಬಿತ್ತು. ಮೊದಲು ಎಲ್ಲರೂ ಇದೇನೋ ಅದೃಷ್ಟ ಅಂದುಕೊಂಡರು. ಮತ್ತೆ ಹೊಡೆದ, ಮತ್ತೆ ಬಿತ್ತು. ಎರಡೂ ಕಾಲು ಊರಿ ನಿಲ್ಲುವವನಿಗೆ ಕಾದು ಕೈ ಎತ್ತಿ ಅಭ್ಯಾಸವಾದವರಿಗೆ, ನಿಲ್ಲದೇ ಹೊಡೆಯುವವನನ್ನು ಎಲ್ಲಿ ಹಿಡಿಯಬೇಕು ಅಂತಲೇ ಗೊತ್ತಾಗಲಿಲ್ಲ. ಕೊನೆಗೆ 45-31, ಸ್ಟ್ಯಾನ್‌ಫರ್ಡ್ ಗೆದ್ದಿತು. ಇವನದು 15 ಅಂಕ. ಈಗಿನ ಲೆಕ್ಕದಲ್ಲಿ 15 ಏನೂ ಅಲ್ಲ, ಆದರೆ ಆ ರಾತ್ರಿ ಎದುರು ತಂಡದ ಒಟ್ಟು ಅಂಕದ ಅರ್ಧದಷ್ಟು ಇವನೊಬ್ಬನದೇ. ಅವನು ಹೊರಗೆ ಬರುವಾಗ ನ್ಯೂಯಾರ್ಕ್‌ನ ಜನ, ತಮ್ಮ ತಂಡ ಸೋಲುತ್ತಿದ್ದರೂ, ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಲ್ಲಿಂದ ಮುಂದೆ ದೇಶದ ಶಾಲೆ ಮೈದಾನಗಳಲ್ಲೆಲ್ಲ ಹುಡುಗರು ಒಂದು ಕೈಯಲ್ಲಿ ಎಸೆಯಲು ಶುರು ಮಾಡಿದರು. ಸಿಟಿ ಕಾಲೇಜಿನ ಕೋಚ್ ನ್ಯಾಟ್ ಹೋಲ್ಮನ್‌ನಂಥವರಿಗೆ ಇದು ಹಿಡಿಸಲೇ ಇಲ್ಲ. ಹೋಲ್ಮನ್ ಸಾಮಾನ್ಯನಲ್ಲ, ಒರಿಜಿನಲ್ ಸೆಲ್ಟಿಕ್ಸ್ ಎಂಬ ಹಳೇ ಪ್ರೊ ತಂಡದ ದೊಡ್ಡ ಹೆಸರು. ಆದರೂ ಇದು ಬ್ಯಾಸ್ಕೆಟ್‌ಬಾಲೇ ಅಲ್ಲ ಅನ್ನುವ ಧಾಟಿಯಲ್ಲೇ ಮಾತಾಡಿದ.

ಪ್ರೊ ಯಾಕೆ ಆಡಲಿಲ್ಲ ಅನ್ನೋದು ಬೇರೆ ಕಥೆ, ಕೈ ನೋಯುತ್ತಿದೆ, ಬೇರೆ ಯಾರಾದರೂ ಬರೆಯಿರಿ.


ಮೂಲೆಯಿಂದ‌ಮೂರು:

@ಹಳೇಚೆಂಡು ಸರ್ ಚೆನ್ನಾಗಿ ಬರೆದಿದ್ದೀರಿ, ಆದರೆ ನನ್ನದೊಂದು ತಕರಾರು. ಒಂದೇ ರಾತ್ರಿಯಲ್ಲಿ ಆಟ ಬದಲಾಯಿತು ಅನ್ನೋದು ನ್ಯೂಯಾರ್ಕ್ ಪತ್ರಿಕೆಯವರು ಕಟ್ಟಿದ ಕಥೆ. ಪಶ್ಚಿಮದಲ್ಲಿ ಒಂದು ಕೈಯಲ್ಲಿ ಎಸೆಯುವವರು ಬೇರೆಯವರೂ ಇದ್ದರು. ನ್ಯೂಯಾರ್ಕ್‌ನವರು ಕಣ್ಣಾರೆ ನೋಡಿದ ಮೇಲೇ ಅದು ನಡೆದಿದ್ದು ಅಂತ ಲೆಕ್ಕ, ಅದಕ್ಕೆ ಮೊದಲು ನಡೆದದ್ದು ಲೆಕ್ಕಕ್ಕಿಲ್ಲ, ಅಷ್ಟೇ.

ಜಂಪ್ ಶಾಟ್ ಅಂತೂ ಇವನದಲ್ಲವೇ ಅಲ್ಲ. ಇವನದು ಓಡುತ್ತಾ ಎಸೆಯುವ ಶಾಟ್. ಜಂಪ್ ಶಾಟ್ ಅಂದರೆ ಓಟ ನಿಲ್ಲಿಸಿ, ನೇರ ಮೇಲಕ್ಕೆ ಹಾರಿ, ತುದಿಯಲ್ಲಿ ಒಂದು ಗಳಿಗೆ ತೂಗಿ, ಆಗ ಬಿಡುವುದು. ಅದನ್ನು ಇವತ್ತು ನಾವು ನೋಡುವ ರೂಪಕ್ಕೆ ತಂದವನು ಅಂದರೆ ಕೆನ್ನಿ ಸೈಲರ್ಸ್ ಅಂತ ನಾನು ಹೇಳುತ್ತೇನೆ. ವಯೋಮಿಂಗ್‌ನ ರೈತ ಕುಟುಂಬದ ಹುಡುಗ. ಅಣ್ಣ ಬಡ್ 6 ಅಡಿ 5 ಇಂಚು, ಇವನು ಗಿಡ್ಡ. ಗಾಳಿಯಂತ್ರದ ಕಂಬಕ್ಕೆ ಬುಟ್ಟಿ ಹೊಡೆದುಕೊಂಡು ಇಬ್ಬರೂ ಆಡುತ್ತಿದ್ದರು, ಅಣ್ಣನ ಕೈ ಮೇಲಿಂದ ಚೆಂಡು ದಾಟಿಸಬೇಕಾದರೆ ಹಾರಲೇಬೇಕು. 1934ರ ಮಾತು ಇದು. 1943ರಲ್ಲಿ ವಯೋಮಿಂಗ್ ಯೂನಿವರ್ಸಿಟಿ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಗೆದ್ದಿತು, ಫೈನಲ್‌ನಲ್ಲಿ ಜಾರ್ಜ್‌ಟೌನ್ ಎದುರು 46-34, ಅತ್ಯುತ್ತಮ ಆಟಗಾರ ಇವನೇ. ಆಟ ನಡೆದದ್ದು ಮತ್ತೆ ಅದೇ ಗಾರ್ಡನ್‌ನಲ್ಲಿ ನೋಡಿ!

ಮಿಸೌರಿಯ ಜಾನ್ ಕೂಪರ್ ಹೆಸರು ಹೇಳುವವರೂ ಇದ್ದಾರೆ, 30ರ ದಶಕದ ಶುರುವಿನಲ್ಲೇ ಹಾರಿ ಹೊಡೆದನಂತೆ. ‘ಮೊದಲು ಯಾರು’ ಅಂತ ಕೇಳಿದರೆ ಈ ಜಗಳ ಮುಗಿಯುವುದೇ ಇಲ್ಲ.


ಹಳೇಚೆಂಡು:

ಜಂಪ್ ಶಾಟ್ ಅವನದು ಅಂತ ನಾನು ಎಲ್ಲೂ ಹೇಳಿಲ್ಲ, ಮೇಲೆ ನೋಡಿ 🙂 ನ್ಯೂಯಾರ್ಕ್ ಪತ್ರಿಕೆಗಳ ಮಾತು ಒಪ್ಪುತ್ತೇನೆ. ಆದರೆ ಅದೇ ನನ್ನ ವಾದ ಕೂಡ. ಯಾರು ಮೊದಲು ಎಸೆದರು ಅನ್ನೋದಕ್ಕಿಂತ, ಎಲ್ಲರೂ ತಪ್ಪು ಅನ್ನುತ್ತಿದ್ದ ಶಾಟನ್ನು ಎಲ್ಲರ ಎದುರಿಗೇ ಹೊಡೆದು ಗೆದ್ದವನು ಯಾರು ಅನ್ನೋದು ಮುಖ್ಯ. ಸೈಲರ್ಸ್‌ನ ಅಣ್ಣ ತಮ್ಮನ ಶಾಟ್ ನೋಡಿ ಖುಷಿಪಟ್ಟ. ಲುಯಿಸೆಟ್ಟಿಯ ಶಾಟ್ ನೋಡಿ ಕೋಚ್‌ಗಳು ಗೊಣಗಿಕೊಂಡು ಸುಮ್ಮನಾಗಬೇಕಾಯಿತು. ಅದಕ್ಕೇ ಸೈಲರ್ಸ್ ಕಾಲೇಜಿಗೆ ಬರುವ ಹೊತ್ತಿಗೆ ಒಂದು ಕೈಯಲ್ಲಿ ಎಸೆಯುವವನನ್ನು ಬೆಂಚ್ ಮೇಲೆ ಕೂರಿಸುವ ಕಾಲ ಹೋಗಿತ್ತು.


ರೀಬೌಂಡ್‌ರಾಣಿ:

ಶಾಟ್ ಜಗಳದಲ್ಲಿ ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಲ್ಲ. ಪ್ರೊ ಯಾಕೆ ಆಡಲಿಲ್ಲ ಅಂತ ನಾನು ಬರೆಯುತ್ತೇನೆ, ಈ ಭಾಗ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು 1938ರ ಹೊಸ ವರ್ಷದ ದಿನ. ಕ್ಲೀವ್‌ಲ್ಯಾಂಡ್‌ನಲ್ಲಿ ಡ್ಯೂಕೇನ್ ವಿರುದ್ಧ ಪಂದ್ಯ. ಸ್ಟ್ಯಾನ್‌ಫರ್ಡ್ 92, ಡ್ಯೂಕೇನ್ 27. ಅದರಲ್ಲಿ ಲುಯಿಸೆಟ್ಟಿ ಒಬ್ಬನದೇ 50! ಅವನು ಚೆಂಡು ಬಚ್ಚಿಟ್ಟುಕೊಳ್ಳುವ ಜಾತಿಯಲ್ಲ, ಪಾಸ್ ಕೊಡುವುದೇ ಅವನಿಗೆ ಇಷ್ಟ. ಆ ದಿನ ಜೊತೆಯವರೇ ಮಾತಾಡಿಕೊಂಡು, ಅವನು ಪಾಸ್ ಕೊಟ್ಟರೆ ವಾಪಸ್ ಅವನಿಗೇ ಕೊಡುತ್ತಿದ್ದರು ಅಂತ ಹೇಳುತ್ತಾರೆ. ಕೊಟ್ಟರೆ ಬರುತ್ತದೆ, ಕೊಟ್ಟರೆ ಬರುತ್ತದೆ, ಏನು ಮಾಡುತ್ತಾನೆ ಪಾಪ, ಹೊಡೆಯಲೇಬೇಕಾಯಿತು. ಇನ್ನೊಂದು ವಿಷಯ, ಬುಟ್ಟಿ ಬಿದ್ದ ಮೇಲೆ ನಡುವಿನಲ್ಲಿ ಜಂಪ್ ಬಾಲ್ ಮಾಡುವ ನಿಯಮ ಹೋಗಿದ್ದೂ ಅದೇ 1937-38ರ ಸೀಸನ್‌ನಲ್ಲಿ. ಆ ನಿಯಮ ಇದ್ದಿದ್ದರೆ 50 ಬರುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಆಟದ ವೇಗಕ್ಕೆ ಶಾಟ್ ಎಷ್ಟು ಕಾರಣವೋ ಈ ನಿಯಮ ಹೋದದ್ದೂ ಅಷ್ಟೇ ಕಾರಣ, ಇದನ್ನು ಜನ ಜಾಸ್ತಿ ಹೇಳುವುದಿಲ್ಲ.

ಕಾಲೇಜು ಮುಗಿಸಿದಾಗ ಒಟ್ಟು 1,596 ಅಂಕ, ಆಗಿನ ದಾಖಲೆ. 1936, 37, 38, ಮೂರು ವರ್ಷವೂ ಪಶ್ಚಿಮ ಕರಾವಳಿ ಕಾಲೇಜುಗಳ ಲೀಗ್ ಆದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಸ್ಟ್ಯಾನ್‌ಫರ್ಡ್‌ನದೇ. ಎನ್‌ಸಿಎಎ ಟೂರ್ನಿ ಶುರುವಾಗಿದ್ದು ಯಾವಾಗ ಗೊತ್ತಾ? 1939. ಇವನು ಹೊರಗೆ ಬಂದ ಮಾರನೇ ವರ್ಷ! ಸ್ಟ್ಯಾನ್‌ಫರ್ಡ್ ಅದನ್ನು ಗೆದ್ದದ್ದು 1942ರಲ್ಲಿ, ಅದೂ ಇವನಿಲ್ಲದೆ.

ಸರಿ, ಹೊರಗೆ ಬಂದ. ಆಗ ಎನ್‌ಬಿಎ ಇಲ್ಲ. ಪ್ರೊ ತಂಡಗಳು ಇದ್ದವು, ಆದರೆ ಸಂಬಳ ಇವತ್ತು ಬಂದರೆ ಬಂತು, ನಾಳೆ ತಂಡವೇ ಇಲ್ಲ, ಅಂಥ ಪರಿಸ್ಥಿತಿ. ಒಳ್ಳೆಯ ಆಟಗಾರರು ಹೋಗುತ್ತಿದ್ದುದು ಎಎಯು ಅಂದರೆ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಪಂದ್ಯಗಳಿಗೆ. ದೊಡ್ಡ ಕಂಪನಿಗಳು ತಂಡ ಸಾಕುತ್ತಿದ್ದವು. ಹಗಲು ಕಂಪನಿಯಲ್ಲಿ ಕೆಲಸ, ಸಂಜೆ ಆಟ. ಕಾಗದದ ಮೇಲೆ ನೀವು ಗುಮಾಸ್ತ, ಹವ್ಯಾಸಕ್ಕೆ ಬ್ಯಾಸ್ಕೆಟ್‌ಬಾಲ್. ಒಕ್ಲಹೋಮಾದ ಬಾರ್ಟಲ್ಸ್‌ವಿಲ್‌ನ ಫಿಲಿಪ್ಸ್ 66ಅರ್ಸ್ ಇದರಲ್ಲಿ ದೊಡ್ಡ ಹೆಸರು, ತೈಲ ಕಂಪನಿಯ ತಂಡ. ಮುಂದೆ 7 ಅಡಿಯ ಬಾಬ್ ಕರ್ಲಂಡ್ ಕೂಡ ಪ್ರೊ ಬೇಡ ಅಂತ ಅಲ್ಲಿಗೇ ಹೋದ. ಹಾಗಾಗಿ ‘ಪ್ರೊ ಆಡಲಿಲ್ಲ’ ಅನ್ನೋದನ್ನು ಇವತ್ತಿನ ಕಣ್ಣಲ್ಲಿ ನೋಡಬೇಡಿ, ಆಗ ಅದು ಹುಚ್ಚು ನಿರ್ಧಾರ ಅಲ್ಲ.

ಆದರೆ ಇವನಿಗೆ ಅದೂ ನೆಟ್ಟಗೆ ದಕ್ಕಲಿಲ್ಲ. 1938ರಲ್ಲಿ ಪ್ಯಾರಾಮೌಂಟ್‌ನವರು ಒಂದು ಕಾಲೇಜು ಸಿನಿಮಾ ಮಾಡಿದರು, ಬೆಟ್ಟಿ ಗ್ರೇಬಲ್ ನಾಯಕಿ, ಇವನದು ಬ್ಯಾಸ್ಕೆಟ್‌ಬಾಲ್ ಆಟಗಾರನ ಪಾತ್ರ. ಅಂದರೆ ತನ್ನದೇ ಪಾತ್ರ ಅನ್ನಿ. ಎಎಯು ಏನು ಮಾಡಿತು? ಆಟದ ಹೆಸರಲ್ಲಿ ದುಡ್ಡು ತಗೊಂಡೆ, ನೀನು ಅಮೆಚೂರ್ ಅಲ್ಲ ಅಂತ ಒಂದು ವರ್ಷ ಹೊರಗೆ ಹಾಕಿತು. ಕಂಪನಿಯ ಸಂಬಳ ತಗೊಂಡು ಸಂಜೆ ಆಡಿದರೆ ಅಮೆಚೂರ್, ಕ್ಯಾಮೆರಾ ಎದುರು ಅದೇ ಚೆಂಡು ಎಸೆದರೆ ಅಲ್ಲ! ಈ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. 22 ವರ್ಷ, ಆಟಗಾರನ ಕೈ ಕಾಲು ಎಲ್ಲ ಮಾತು ಕೇಳುವ ವಯಸ್ಸು, ಮನೆಯಲ್ಲಿ ಕೂರಬೇಕಾಯಿತು.

ಆಮೇಲೆ ವಾಪಸ್ ಬಂದ, ಫಿಲಿಪ್ಸ್‌ಗೂ ಆಡಿದ. ಅಷ್ಟರಲ್ಲಿ ಯುದ್ಧ. ನೌಕಾಪಡೆ ಸೇರಿ ಅಲ್ಲಿನ ಸೇಂಟ್ ಮೇರೀಸ್ ಪ್ರಿ-ಫ್ಲೈಟ್ ತಂಡಕ್ಕೆ ಆಡಿದ. 1944ರಲ್ಲಿ ಮೆನಿಂಜೈಟಿಸ್, ಬೆನ್ನುಹುರಿಯ ಪೊರೆಗೆ ಬರುವ ಸೋಂಕು. ಸಲ್ಫಾ ಔಷಧಿ ಇದ್ದ ಕಾಲವಾದ್ದರಿಂದ ಬದುಕಿದ. ಆದರೆ ವೈದ್ಯರು ಇನ್ನು ಆಡಲೇಬಾರದು ಅಂದರು. 28 ವರ್ಷ. ಮುಗೀತು.

ಎರಡೇ ವರ್ಷಕ್ಕೆ, 1946ರಲ್ಲಿ ಬಿಎಎ ಎಂಬ ಪ್ರೊ ಲೀಗ್ ಶುರು, ಅದೇ 1949ರಲ್ಲಿ ಎನ್‌ಬಿಎ ಆದದ್ದು. ಈಗ ಹೇಳಿ, ಹೊಟ್ಟೆ ಉರಿಯುತ್ತದೋ ಇಲ್ಲವೋ.


ಟೈಂಔಟ್‌ತಾತ:

ರಾಣಿಯವರೇ, ಆರೋಗ್ಯ ಸರಿ ಇದ್ದಿದ್ದರೂ ಅವನು ಬಿಎಎಗೆ ಹೋಗುತ್ತಿದ್ದ ಅಂತ ನನಗೆ ನಂಬಿಕೆ ಇಲ್ಲ. ಮೊದಲ ಸೀಸನ್‌ನ 11 ತಂಡಗಳಲ್ಲಿ ಸೇಂಟ್ ಲೂಯಿಸ್‌ಗಿಂತ ಪಶ್ಚಿಮಕ್ಕೆ ಒಂದೂ ಇರಲಿಲ್ಲ. ಊರು ಬಿಟ್ಟು ಹೋಗಬೇಕಿತ್ತು, ಅದೂ 30ನೇ ವಯಸ್ಸಿನಲ್ಲಿ.

ಒಂದು ತಮಾಷೆ ನೋಡಿ. ಮೇಲೆ ಹಳೇಚೆಂಡು ಹೇಳಿದ ಆರ್ಟ್ ಹಿಲ್‌ಹೌಸ್ ಇದ್ದಾನಲ್ಲ, ಯಾರ ತಲೆ ಮೇಲಿಂದ ಇವನು ಎಸೆದನೋ ಅವನು, ಅವನು ಬಿಎಎಗೆ ಹೋದ! ಫಿಲಡೆಲ್ಫಿಯಾ ವಾರಿಯರ್ಸ್‌ಗೆ ಆಡಿ 1947ರಲ್ಲಿ ಆ ಲೀಗ್‌ನ ಮೊದಲ ಕಪ್ ಗೆದ್ದ ತಂಡದಲ್ಲಿದ್ದ. ಆ ತಂಡದ ಸ್ಟಾರ್ ಜೋ ಫಲ್ಕ್ಸ್. ಅವನು ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಹೊಡೆದದ್ದು ಹೇಗೆ ಅಂದರೆ ಹಾರಿ ಹಾರಿ. 1949ರ ಫೆಬ್ರವರಿ 10ರಂದು ಇಂಡಿಯಾನಾಪೊಲಿಸ್ ಜೆಟ್ಸ್ ವಿರುದ್ಧ 63 ಅಂಕ ಹೊಡೆದ, ಅದನ್ನು ಎಲ್ಜಿನ್ ಬೇಲರ್ 64 ಹೊಡೆದು ಮುರಿದದ್ದು 1959ರಲ್ಲಿ. ಹತ್ತು ವರ್ಷ! ಪಾಪ ಹಿಲ್‌ಹೌಸ್, 1936ರಲ್ಲಿ ಲುಯಿಸೆಟ್ಟಿಯ ಒಂದು ಕೈಯ ಶಾಟನ್ನು ಎದುರಿಗೆ ನಿಂತು ನೋಡಿದ, ಹತ್ತು ವರ್ಷ ಕಳೆದ ಮೇಲೆ ತನ್ನ ತಂಡದವನೇ ಹಾರಿ ಹೊಡೆಯುವುದನ್ನು ನೋಡಿದ.


ಡ್ರಿಬಲ್‌ದಾಸ:

ನಾನು ಇತಿಹಾಸ ಅಷ್ಟು ಬಲ್ಲವನಲ್ಲ, ಆದರೆ ಈ ಥ್ರೆಡ್ ಓದಿ ಸಂಜೆ ಎರಡು ಕೈಯ ಸೆಟ್ ಶಾಟ್ ಪ್ರಯತ್ನ ಮಾಡಿದೆ. ಹತ್ತರಲ್ಲಿ ಮೂರು ಬಿತ್ತು. ಖಾಲಿ ಅಂಗಳದಲ್ಲಿ ಹೊಡೆಯಲು ನಿಜಕ್ಕೂ ಹಿತವಾಗಿದೆ, ಚೆಂಡು ತಿರುಗದೆ ಮೆತ್ತಗೆ ಹೋಗುತ್ತದೆ. ಆಮೇಲೆ ತಮ್ಮನನ್ನು ಎದುರಿಗೆ ನಿಲ್ಲಿಸಿದೆ. ಒಂದೂ ರಿಮ್ ಮುಟ್ಟಲಿಲ್ಲ. ನಾಲ್ಕನೇ ಸಲಕ್ಕೆ ಅವನು ಚೆಂಡನ್ನು ನನ್ನ ಎದೆಯಿಂದಲೇ ಕಿತ್ತುಕೊಂಡ.

ಚಿಕ್ಕವನಿದ್ದಾಗ ನನಗೊಬ್ಬರು ಕೋಚ್ ಇದ್ದರು, ಓಡುತ್ತಾ ಎಸೆದರೆ ಸಿಟ್ಟು ಬಂದು ಮೈದಾನಕ್ಕೆ ಎರಡು ಸುತ್ತು ಓಡಿಸುತ್ತಿದ್ದರು. ‘ಮೊದಲು ನಿಲ್ಲು, ಆಮೇಲೆ ಹೊಡಿ’ ಅಂತ. ಅವರು ಹೇಳಿದ್ದರಲ್ಲೂ ಅರ್ಥ ಇತ್ತು ಅನ್ನಿ, ನನ್ನದು ಒಂದೂ ಬೀಳುತ್ತಿರಲಿಲ್ಲ.


ಬೆಂಚ್‌ಬಿಸಿ:

ಎಲ್ಲರಿಗೂ ಧನ್ಯವಾದ. ಎರಡು ಸಾಲಿನ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅಂದರೆ ಜಂಪ್ ಶಾಟ್ ಇವನದಲ್ಲ, ಒಂದು ಕೈಯ ಶಾಟ್‌ಗೆ ಮರ್ಯಾದೆ ತಂದುಕೊಟ್ಟವನು ಇವನು, ಸರಿನಾ? ಇನ್ನೊಂದು ಸಣ್ಣ ಪ್ರಶ್ನೆ. ಕಾಯಿಲೆ ವಾಸಿಯಾದ ಮೇಲೆ ಏನು ಮಾಡಿದ?


ರೀಬೌಂಡ್‌ರಾಣಿ:

ಸರಿ. ಆಮೇಲೆ ಸ್ವಲ್ಪ ಕಾಲ ಕೋಚ್ ಆದ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೀವರ್ಟ್ ಷೆವ್ರೊಲೆ ಅನ್ನೋ ಎಎಯು ತಂಡ, ಕಾರು ಮಾರುವವರದ್ದು. 1951ರಲ್ಲಿ ಅವರಿಗೆ ರಾಷ್ಟ್ರೀಯ ಕಪ್ ಗೆದ್ದುಕೊಟ್ಟ. ಹೌದು, ಅವನನ್ನು ಒಂದು ವರ್ಷ ಹೊರಗೆ ಹಾಕಿತ್ತಲ್ಲ, ಅದೇ ಎಎಯು ಕಪ್. ಆಮೇಲೆ ಕೋಚಿಂಗ್ ಬಿಟ್ಟು ಪ್ರವಾಸ ಏರ್ಪಡಿಸುವ ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಹೋದ. ತೀರಿಕೊಂಡದ್ದು 2002ರ ಡಿಸೆಂಬರ್ 17, 86 ವರ್ಷ.

ಸ್ಟ್ಯಾನ್‌ಫರ್ಡ್‌ನಲ್ಲಿ ಅವನದೊಂದು ಕಂಚಿನ ಪ್ರತಿಮೆ ಇದೆ. ಫೋಟೋ ಹುಡುಕಿ ನೋಡಿ, ಚೆಂಡು ಯಾವ ಕೈಯಲ್ಲಿದೆ ಅಂತ.


ಮೂಲೆಯಿಂದ‌ಮೂರು:

ನೋಡಿದೆ. ಸರಿ, ಒಪ್ಪಿದೆ. ಆದರೆ ಜಂಪ್ ಶಾಟ್ ಸೈಲರ್ಸ್‌ದೇ.